ಸ್ಕ್ಯಾನಿಂಗ್ ಚೀಟೀಲಿ 'ಯಾಕೆ' ಅನ್ನೋದು ಎಲ್ಲಿ?

ಕೋವಿಡ್ ಜೋರಾಗಿದ್ದ 2021ರ ಮೇ ತಿಂಗಳಲ್ಲಿ ಯಾರ ಮನೆಗೆ ಫೋನ್ ಮಾಡಿದ್ರೂ ಮೊದಲು ಬರ್ತಿದ್ದ ಪ್ರಶ್ನೆ ಸ್ಕೋರ್ ಎಷ್ಟು ಅಂತ. ಜ್ವರ ಬಿಡ್ತಾ, ಉಸಿರು ಸರಾಗವಾಗಿ ಆಡ್ತಿದೆಯಾ, ಆಕ್ಸಿಜನ್ ಎಷ್ಟು ತೋರಿಸ್ತಿದೆ ಅನ್ನೋದೆಲ್ಲ ಆಮೇಲೆ. ಅದಕ್ಕೂ ಮುಂಚೆ ಎಚ್‌ಆರ್‌ಸಿಟಿ, ಅಂದ್ರೆ ಎದೆಯ ಸಿಟಿ ಸ್ಕ್ಯಾನ್, ಅನ್ನೋ ಹೆಸರೇ ಕೇಳದೇ ಇದ್ದೋರ ಬಾಯಲ್ಲೂ ಹನ್ನೆರಡಂತೆ, ಹದಿನೆಂಟಂತೆ, ಕೋರಾಡ್ಸ್ ಐದಂತೆ ಅನ್ನೋ ಮಾತು. ಆ ಸ್ಕೋರ್ ಏನು ಅಂದ್ರೆ, ಎರಡೂ ಶ್ವಾಸಕೋಶ ಸೇರಿ ಐದು ಭಾಗ, ಒಂದೊಂದು ಭಾಗದಲ್ಲಿ ಎಷ್ಟು ಜಾಗ ಹಾಳಾಗಿದೆ ಅಂತ ನೋಡಿ ಐದೈದು ಅಂಕ, ಒಟ್ಟು 25. ಕೋರಾಡ್ಸ್ ಅನ್ನೋದು ನೆದರ್‌ಲ್ಯಾಂಡ್ಸ್‌ನ ರೇಡಿಯಾಲಜಿ ಡಾಕ್ಟರುಗಳು, ಅಂದ್ರೆ ಸ್ಕ್ಯಾನ್ ಓದೋ ಡಾಕ್ಟರುಗಳು, 2020ರಲ್ಲಿ ಮಾಡಿಕೊಂಡಿದ್ದ ವರ್ಗೀಕರಣ, ಇದು ಕೋವಿಡ್ ಇರಬಹುದಾ ಅಂತ ಅಂದಾಜು ಮಾಡೋಕೆ. ಇವೆರಡೂ ಡಾಕ್ಟರ್ ಡಾಕ್ಟರ್ ಮಧ್ಯೆ ಮಾತಾಡಿಕೊಳ್ಳೋಕೆ ಇದ್ದ ಅಂಕಿಗಳು. ಆರ್‌ಟಿಪಿಸಿಆರ್ ರಿಪೋರ್ಟ್ ಬರೋಕೆ ಮೂರ್ನಾಲ್ಕು ದಿನ ಆಗ್ತಿತ್ತು, ಸ್ಕ್ಯಾನ್ ಸೆಂಟರ್‌ಗೆ ಹೋದ್ರೆ ಅವತ್ತೇ ಕೈಗೆ ಫಿಲಂ ಸಿಗ್ತಿತ್ತು, ಬೆಡ್ ಸಿಗಬೇಕು ಅಂದ್ರೂ ಸ್ಕೋರ್ ಕೇಳ್ತಿದ್ರು, ಹಾಗಾಗಿ ಜನ ಡಾಕ್ಟರ್ ಹತ್ರ ಹೋಗೋದಕ್ಕೂ ಮುಂಚೆ ಸ್ಕ್ಯಾನ್ ಮಾಡಿಸಿಕೊಂಡು ಬರೋಕೆ ಶುರು ಮಾಡಿದ್ರು. ರೇಟು ಹೇಗೆ ಏರ್ತು ಅಂದ್ರೆ ಕೊನೆಗೆ ನಮ್ಮ ಸರ್ಕಾರವೇ ಮಧ್ಯೆ ಬಂದು ಬಿಪಿಎಲ್ ಕಾರ್ಡ್ ಇರೋರಿಗೆ 1500 ರೂಪಾಯಿಗಿಂತ ಜಾಸ್ತಿ ತಗೋಬಾರದು ಅಂತ ಹೇಳಬೇಕಾಯ್ತು.

ಅದೇ ಮೇ ತಿಂಗಳ ಶುರುವಲ್ಲಿ ದೆಹಲಿ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಒಂದು ಸಿಟಿ ಅಂದ್ರೆ 300ರಿಂದ 400 ಎಕ್ಸ್‌ರೇಗೆ ಸಮ, ಸುಮ್ಮಸುಮ್ಮನೆ ಮಾಡಿಸಬೇಡಿ ಅಂದ್ರು. ರೇಡಿಯಾಲಜಿಸ್ಟ್‌ಗಳ ರಾಷ್ಟ್ರೀಯ ಸಂಘ ಅದನ್ನ ಒಪ್ಪಲಿಲ್ಲ, ಅದು ಹಳೇ ಕಾಲದ ಲೆಕ್ಕ, ಈಗಿನ ಕಡಿಮೆ ಡೋಸ್ ಮಷಿನ್‌ಗಳಲ್ಲಿ ಐದರಿಂದ ಹತ್ತು ಎಕ್ಸ್‌ರೇಯಷ್ಟೇ ಅಂತ ಹೇಳ್ತು. ಟಿವಿಯಲ್ಲಿ ನೋಡಿದೋರಿಗೆ ಯಾರನ್ನ ನಂಬೋದು ಅಂತಾನೇ ಗೊತ್ತಾಗಲಿಲ್ಲ. ಆದರೆ ಲೆಕ್ಕ ಬಿಡಿಸಿ ನೋಡಿದ್ರೆ ಜಗಳಕ್ಕೆ ಕಾರಣ ಸಿಗುತ್ತೆ. ಎದೆಯ ಒಂದು ಮಾಮೂಲಿ ಸಿಟಿಗೆ ಸುಮಾರು 6 ಮಿಲಿಸೀವರ್ಟ್ (ಮೈಗೆ ಬೀಳೋ ವಿಕಿರಣ ಅಳೆಯೋ ಮಾನ) ವಿಕಿರಣ, ಡೋಸ್ ಕಡಿಮೆ ಮಾಡಿ ತೆಗೆದ್ರೆ ಒಂದೂವರೆ, ಇನ್ನೂ ಕಡಿಮೆ ಮಾಡೋಕೂ ಆಗುತ್ತೆ. ಎದೆ ಎಕ್ಸ್‌ರೇಯನ್ನ ಕೆಲವರು 0.02 ಅಂತ ಹಿಡೀತಾರೆ, ಕೆಲವರು 0.1 ಅಂತ. 6ನ್ನ 0.02ರಿಂದ ಭಾಗಿಸಿದ್ರೆ 300, ಒಂದೂವರೆಯನ್ನ 0.1ರಿಂದ ಭಾಗಿಸಿದ್ರೆ 15. ಅಂದ್ರೆ ಎರಡೂ ಕಡೆಯವರ ಹತ್ರ ತಮ್ಮ ತಮ್ಮ ಲೆಕ್ಕ ಇತ್ತು, ಯಾವ ಮಷಿನ್ನು, ಯಾವ ಸೆಟ್ಟಿಂಗು ಅನ್ನೋದರ ಮೇಲೆ ಉತ್ತರ ಬದಲಾಗುತ್ತೆ. ನಾವು ಏನೂ ಮಾಡದೇ ಸುಮ್ಮನೆ ಭೂಮಿ ಮೇಲೆ ಬದುಕಿದ್ದಕ್ಕೇ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ನಮ್ಮ ಮೈಗೆ ಬೀಳುತ್ತೆ, ಅದನ್ನ ಪಕ್ಕದಲ್ಲಿ ಇಟ್ಕೊಂಡು ನೋಡಿದ್ರೆ ಒಂದು ಸಿಟಿಗೆ ಗಾಬರಿ ಬೀಳೋ ಅಗತ್ಯ ಇಲ್ಲ, ಹಾಗಂತ ಕಾರಣ ಇಲ್ಲದೇ ವಾರಕ್ಕೊಂದು ಮಾಡಿಸೋ ವಸ್ತುನೂ ಅಲ್ಲ. ಕೋವಿಡ್‌ನಲ್ಲಿ ಲಕ್ಷಣವೇ ಇಲ್ಲದೋರು, ಆಕ್ಸಿಜನ್ 98 ಇದ್ದೋರು, ಮತ್ತೆ ಮತ್ತೆ ಮಾಡಿಸಿಕೊಂಡ್ರಲ್ಲ, ನನಗೆ ಬೇಜಾರಾಗೋದು ಅದಕ್ಕೆ. ಆ ಸ್ಕ್ಯಾನ್‌ನಿಂದ ಅವರ ಟ್ರೀಟ್‌ಮೆಂಟ್ ಏನೂ ಬದಲಾಗ್ತಿರಲಿಲ್ಲ.

ಕೋವಿಡ್ ಹೋಯ್ತು, ಆ ಅಭ್ಯಾಸ ಮಾತ್ರ ಉಳಿದುಬಿಟ್ಟಿದೆ. ಆದರೆ ಇದು ನಮ್ಮ ಊರಿನ ಕಥೆ ಮಾತ್ರ ಅಲ್ಲ. ಲಂಡನ್ನಿನ ಒಂದು ಆಸ್ಪತ್ರೆಯಲ್ಲಿ ಮೊದಲ ಪೇಷಂಟ್‌ಗೆ ತಲೆಯ ಸಿಟಿ ತೆಗೆದಿದ್ದು 1971ರಲ್ಲಿ, ಅದನ್ನ ಕಂಡುಹಿಡಿದ ಹೌನ್ಸ್‌ಫೀಲ್ಡ್ ಮತ್ತೆ ಕೊರ್ಮ್ಯಾಕ್‌ಗೆ 1979ರಲ್ಲಿ ನೊಬೆಲ್ ಬಂತು. ಅಮೆರಿಕದಲ್ಲಿ 1980ರಲ್ಲಿ ವರ್ಷಕ್ಕೆ ಸುಮಾರು 30 ಲಕ್ಷ ಸಿಟಿ ಆಗ್ತಿದ್ದಿದ್ದು 2006ರ ಹೊತ್ತಿಗೆ 6 ಕೋಟಿ 20 ಲಕ್ಷ, 2023ರಲ್ಲಿ 9 ಕೋಟಿ 30 ಲಕ್ಷ. ಜಪಾನಲ್ಲಿ ಹತ್ತು ಲಕ್ಷ ಜನಕ್ಕೆ ನೂರಕ್ಕಿಂತ ಜಾಸ್ತಿ ಸಿಟಿ ಮಷಿನ್ ಇವೆ. ವಿಶ್ವಸಂಸ್ಥೆಯ ವಿಕಿರಣ ಸಮಿತಿಯ ಪ್ರಕಾರ ಇಡೀ ಪ್ರಪಂಚದಲ್ಲಿ ವರ್ಷಕ್ಕೆ 420 ಕೋಟಿ ವಿಕಿರಣದ ಪರೀಕ್ಷೆ ಆಗುತ್ತೆ, ಅದರಲ್ಲಿ ಸಿಟಿ ಹತ್ತರಲ್ಲಿ ಒಂದು ಭಾಗ, ಆದರೆ ಈ ಪರೀಕ್ಷೆಗಳಿಂದ ಜನರ ಮೈಗೆ ಬೀಳೋ ಒಟ್ಟು ಡೋಸ್‌ನಲ್ಲಿ ಸಿಟಿಯ ಪಾಲು ನೂರಕ್ಕೆ 60ಕ್ಕೂ ಜಾಸ್ತಿ. ಅದಕ್ಕೇ ವಿಕಿರಣದ ಮಾತು ಬಂದಾಗೆಲ್ಲ ಸಿಟಿ ಮೇಲೇ ಕಣ್ಣು. ಅಲ್ಟ್ರಾಸೌಂಡಲ್ಲಿ, ಎಂಆರ್‌ಐಯಲ್ಲಿ ಈ ವಿಕಿರಣ ಇಲ್ಲವೇ ಇಲ್ಲ, ಇದು ಇನ್ನೂ ಎಷ್ಟೋ ಜನಕ್ಕೆ ಗೊತ್ತಿಲ್ಲ, ಎಂಆರ್‌ಐಗೆ ಹೆದರಿ ಸಿಟಿನೇ ಬರೆದುಕೊಡಿ ಅಂತ ಕೇಳೋರೂ ಇದ್ದಾರೆ.

2025ರಲ್ಲಿ ಅಮೆರಿಕದ ಒಂದು ಅಧ್ಯಯನ ದೊಡ್ಡ ಸುದ್ದಿ ಮಾಡ್ತು, 2023ರ ಒಂದೇ ವರ್ಷದ ಸಿಟಿಗಳಿಂದ ಮುಂದೆ ಸುಮಾರು ಒಂದು ಲಕ್ಷ ಕ್ಯಾನ್ಸರ್ ಬರಬಹುದು ಅಂತ. ಅದು ತಲೆ ಎಣಿಸಿ ಹೇಳಿದ್ದಲ್ಲ, ಲೆಕ್ಕದ ಮಾದರಿಯಿಂದ ಬಂದ ಅಂದಾಜು, ಅಲ್ಲಿನ ರೇಡಿಯಾಲಜಿಸ್ಟ್‌ಗಳ ಸಂಘ ಅದನ್ನ ಪ್ರಶ್ನೆ ಮಾಡಿದೆ. ಮಕ್ಕಳ ವಿಷಯದಲ್ಲಿ ಮಾತ್ರ ನೇರವಾದ ಸಾಕ್ಷಿ ಇದೆ. ಯೂರೋಪಿನ ಒಂಬತ್ತು ದೇಶಗಳಲ್ಲಿ 22 ವರ್ಷದೊಳಗೆ ಸಿಟಿ ಆಗಿದ್ದ ಹತ್ತಿರ ಹತ್ತಿರ ಹತ್ತು ಲಕ್ಷ ಜನರನ್ನ ಹಿಂಬಾಲಿಸಿ 2023ರಲ್ಲಿ ಫಲಿತಾಂಶ ಕೊಟ್ರು, ಸಿಟಿ ಆದ ಹತ್ತು ಸಾವಿರ ಮಕ್ಕಳಲ್ಲಿ ಮುಂದಿನ ಹನ್ನೆರಡು ವರ್ಷದಲ್ಲಿ ಒಂದೋ ಎರಡೋ ಮಗುಗೆ ಅದೇ ಕಾರಣಕ್ಕೆ ರಕ್ತದ ಕ್ಯಾನ್ಸರ್ ಬರಬಹುದು ಅಂತ. ಹತ್ತು ಸಾವಿರಕ್ಕೆ ಒಂದೆರಡು. ತಲೆಗೆ ಬಲವಾದ ಪೆಟ್ಟು ಬಿದ್ದು ವಾಂತಿ ಮಾಡ್ತಾ ಮಂಪರಿಗೆ ಹೋಗ್ತಿರೋ ಮಗುಗೆ ಸಿಟಿ ಬೇಡ ಅನ್ನೋಕೆ ಇದು ಕಾರಣ ಆಗಲ್ಲ. ಮಂಚದಿಂದ ಬಿದ್ದು ಅತ್ತು ಹತ್ತು ನಿಮಿಷಕ್ಕೆ ಆಟ ಆಡ್ತಿರೋ ಮಗುಗೆ ಮಾಡಿಸೋ ಮುಂಚೆ ಯೋಚನೆ ಮಾಡೋಕೆ ಇದು ಸಾಕಷ್ಟು ಕಾರಣ. ಅಮೆರಿಕದಲ್ಲಿ 2008ರಲ್ಲಿ ಮಕ್ಕಳ ಡೋಸ್ ಬಗ್ಗೆ ದೊಡ್ಡ ಅಭಿಯಾನ ಮಾಡಿದ್ರು, 42 ಸಾವಿರ ಮಕ್ಕಳನ್ನ ನೋಡಿ ಯಾವ ಮಗುಗೆ ತಲೆ ಸಿಟಿ ಬೇಡ ಅಂತ ಹೇಳೋ ನಿಯಮ 2009ರಲ್ಲಿ ಬಂತು, ಆಮೇಲೆ ಅಲ್ಲಿ ಮಕ್ಕಳ ಸಿಟಿ ನಿಜವಾಗ್ಲೂ ಇಳೀತು. ದೊಡ್ಡೋರದು ಇಳೀಲಿಲ್ಲ. ಮಷಿನ್ ಅದೇ, ಡಾಕ್ಟರುಗಳೂ ಅವರೇ, ಮಗು ವಿಷಯಕ್ಕೆ 'ಯಾಕೆ' ಅಂತ ಒಂದು ಸಲ ನಿಂತು ಕೇಳಿಕೊಂಡ್ರು ಅಷ್ಟೇ. ಈ ಲೇಖನ ಪೂರ್ತಿ ನಾನು ಹೇಳೋಕೆ ಹೊರಟಿರೋದೂ ಅದನ್ನೇ.

ನಮ್ಮಲ್ಲಿಗೆ ಬರೋಣ. ನಮ್ಮ ದೇಶದಲ್ಲಿ ಆರೋಗ್ಯಕ್ಕೆ ಆಗೋ ಒಟ್ಟು ಖರ್ಚಲ್ಲಿ ಜನ ಸ್ವಂತ ಜೇಬಿಂದ ಕೊಡೋದು 2021-22ರ ಸರ್ಕಾರಿ ಲೆಕ್ಕದಲ್ಲೇ ನೂರಕ್ಕೆ 39.4. ಸ್ಕ್ಯಾನ್ ಅನ್ನೋದು ಈ ಜೇಬಿನ ಖರ್ಚಿಗೆ ಸರಿಯಾಗಿ ಬೀಳೋ ಐಟಂ. ಹೆಲ್ತ್ ಇನ್ಶೂರೆನ್ಸ್ ಇದೆ ಅಂತ ಧೈರ್ಯವಾಗಿ ಹೋದ್ರೆ, ಅಡ್ಮಿಟ್ ಆಗಿದ್ರೆ ಮಾತ್ರ ಕೊಡ್ತೀವಿ ಅಂತಾರೆ, ಸರಿ ಅಂತ ಬರೀ ಎಂಆರ್‌ಐಗೋಸ್ಕರ ಒಂದು ದಿನ ಅಡ್ಮಿಟ್ ಆದ್ರೆ, ಪರೀಕ್ಷೆಗೆ ಅಂತಾನೇ ಅಡ್ಮಿಟ್ ಆಗಿದ್ದೀರಿ, ಪಾಲಿಸೀಲಿ ಅದಕ್ಕೆ ಅವಕಾಶ ಇಲ್ಲ ಅಂತ ಕ್ಲೇಮ್ ವಾಪಸ್ ಕಳಿಸ್ತಾರೆ. ಆಯುಷ್ಮಾನ್ ಕಾರ್ಡ್‌ನಲ್ಲೂ ಅಷ್ಟೇ, ಆಸ್ಪತ್ರೆ ಸೇರೋಕೆ ಮುಂಚಿನ ಮೂರು ದಿನದ ಪರೀಕ್ಷೆ ಸೇರುತ್ತೆ, ಬರೀ ಓಪಿಡಿಗೆ ಬಂದು ಹೋಗೋರ ಸ್ಕ್ಯಾನ್ ಅವರವರ ತಲೆ ಮೇಲೆ. ಹೀಗಿರುವಾಗ ಐದಾರು ಸಾವಿರದ ಒಂದು ಎಂಆರ್‌ಐ ಅಂದ್ರೆ ಕೂಲಿ ಮಾಡೋರ ಮನೆಯಲ್ಲಿ ಹತ್ತು ಹನ್ನೆರಡು ದಿನದ ದುಡಿಮೆ. ಅಂಥ ದುಡ್ಡು ಖರ್ಚಾಗೋ ಕಡೆ ಅದು ಬೇಕಿತ್ತಾ ಅಂತ ಕೇಳೋ ವ್ಯವಸ್ಥೆ ಇರಬೇಕಿತ್ತು ತಾನೆ?

ಇರೋ ವ್ಯವಸ್ಥೆ ಏನು ಅಂತ 2017ರ ಕೊನೇಲಿ ಬೆಂಗಳೂರಲ್ಲೇ ಗೊತ್ತಾಯ್ತು. ಇನ್‌ಕಂ ಟ್ಯಾಕ್ಸ್‌ನವರು ಕೆಲವು ಡಯಾಗ್ನೋಸ್ಟಿಕ್ ಸೆಂಟರ್ ಮತ್ತೆ ಐವಿಎಫ್ ಕ್ಲಿನಿಕ್‌ಗಳ ಮೇಲೆ ರೈಡ್ ಮಾಡಿದಾಗ ಹೊರಗೆ ಬಂದಿದ್ದು ಕಮಿಷನ್ ಲೆಕ್ಕ. ಪೇಷಂಟ್ ಕಳಿಸಿದ ಡಾಕ್ಟರ್‌ಗೆ ಎಂಆರ್‌ಐಗೆ ನೂರಕ್ಕೆ 35, ಸಿಟಿಗೂ ಲ್ಯಾಬ್ ಟೆಸ್ಟ್‌ಗೂ ನೂರಕ್ಕೆ 20. ಇದನ್ನ ನಾನು ಹೇಳ್ತಿಲ್ಲ, ಇಲಾಖೆಯೇ ಹೇಳಿದ್ದು. ವೈದ್ಯರ ನಡವಳಿಕೆ ನಿಯಮ 2002ರಲ್ಲೇ ಇಂಥ ಕಮಿಷನ್ ತಗೊಳ್ಳೋ ಹಾಗಿಲ್ಲ, ಕೊಡೋ ಹಾಗಿಲ್ಲ ಅಂತ ಸ್ಪಷ್ಟವಾಗಿ ಇದೆ. ಒಂದು ಎಂಆರ್‌ಐ ಬಿಲ್‌ನಲ್ಲಿ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಚೀಟಿ ಬರೆದ ಕೈಗೆ ವಾಪಸ್ ಹೋಗೋ ಕಡೆ, ಆ ಎಂಆರ್‌ಐ ಬೇಕಾಗಿತ್ತಾ ಅನ್ನೋ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಹೇಗೆ ಬರುತ್ತೆ? ಸೆಂಟರ್ ಕಡೆಯಿಂದ ನೋಡಿದ್ರೂ ಕೋಟಿಗಟ್ಟಲೆ ಸಾಲ ಮಾಡಿ ಮಷಿನ್ ತಂದಿರ್ತಾರೆ, ತಿಂಗಳು ತಿಂಗಳು ಕಂತು ಕಟ್ಟಬೇಕು, ದಿನಕ್ಕೆ ಇಷ್ಟು ಸ್ಕ್ಯಾನ್ ಆಗಲೇಬೇಕು, ಇಲ್ಲದಿದ್ರೆ ಬಾಗಿಲು ಮುಚ್ಚಬೇಕು. ಪಕ್ಕದ ರಸ್ತೇಲಿ ಇನ್ನೊಂದು ಸೆಂಟರ್ ಶುರುವಾದ್ರೆ ರೇಟು ಇಳಿಯೋ ಬದಲು ಕಮಿಷನ್ ಏರುತ್ತೆ, ಯಾಕಂದ್ರೆ ಯಾವ ಸೆಂಟರ್‌ಗೆ ಹೋಗಬೇಕು ಅಂತ ತೀರ್ಮಾನ ಮಾಡೋರು ಪೇಷಂಟ್ ಅಲ್ಲ.

ಹಾಗಂತ ಬರೆಯೋ ಡಾಕ್ಟರೆಲ್ಲ ಕಮಿಷನ್‌ಗೇ ಬರೀತಾರೆ ಅಂತ ಅಂದುಬಿಟ್ರೆ ಅದು ಅನ್ಯಾಯ. ಒಂದು ತಾಲೂಕು ಆಸ್ಪತ್ರೆಯ ಓಪಿಡಿಯಲ್ಲಿ ಬೆಳಿಗ್ಗೆ ಕೂತು ನೋಡಿ, ಒಬ್ಬ ಡಾಕ್ಟರ್ ಮುಂದೆ ನೂರಾರು ಜನ, ಒಬ್ಬೊಬ್ಬರಿಗೆ ಎರಡು ನಿಮಿಷ ಸಿಕ್ರೆ ಹೆಚ್ಚು. ಹೊಟ್ಟೆ ಮುಟ್ಟಿ, ಒತ್ತಿ, ಎಲ್ಲಿ ನೋವು, ಯಾವಾಗಿಂದ, ಊಟ ಆದಮೇಲಾ ಮುಂಚೆಯಾ ಅಂತ ಕೇಳೋಕೆ ಆ ಎರಡು ನಿಮಿಷ ಎಲ್ಲಿ ಸಾಕು, ಸ್ಕ್ಯಾನಿಂಗ್ ಮಾಡಿಸ್ಕೊಂಡು ಬಾಮ್ಮ ಅಂತ ಚೀಟಿ ಬರೆಯೋದು ಬೇಗ ಆಗೋ ಕೆಲಸ. 1995ರಲ್ಲಿ ಸುಪ್ರೀಂ ಕೋರ್ಟ್ ವೈದ್ಯರ ಸೇವೆಯೂ ಗ್ರಾಹಕ ಕಾನೂನಿನ ಒಳಗೆ ಬರುತ್ತೆ ಅಂದಮೇಲೆ, ಸ್ಕ್ಯಾನ್ ಯಾಕೆ ಮಾಡಿಸಲಿಲ್ಲ ಅಂತ ಕೇಳಿದ್ರೆ ಏನು ಮಾಡೋದು ಅನ್ನೋ ಭಯ ಬೇರೆ. ಮಾಡಿಸಿದ್ದಕ್ಕೆ ಯಾರೂ ಕೇಸ್ ಹಾಕಲ್ಲ. ಇನ್ನು ನಾವು ಪೇಷಂಟ್‌ಗಳು, ಸ್ಕ್ಯಾನ್ ಬರೀದೇ ಬರೀ ಮಾತ್ರೆ ಬರೆದು ಕಳಿಸಿದ್ರೆ ಈ ಡಾಕ್ಟರ್ ಸರಿಯಾಗಿ ನೋಡಲಿಲ್ಲ ಅಂತೀವಿ. ಚೆನ್ನಾಗಿ ಕೈಯಿಟ್ಟು ನೋಡಿ, ನಿಮಗೆ ಏನೂ ಇಲ್ಲ ಹೋಗಿ ಅಂದ ಡಾಕ್ಟರ್‌ಗೆ ನಾವು ಕೊಡೋ ಬೆಲೆ ಕಮ್ಮಿ.

ಸೊಂಟ ನೋವಿನ ಎಂಆರ್‌ಐ ಒಂದನ್ನ ಹತ್ರದಿಂದ ನೋಡೋಣ. ನಮ್ಮ ಪರಿಚಯದ ಒಬ್ರು, ನಲವತ್ತು ದಾಟಿದೆ, ಗೋಡೌನ್‌ನಲ್ಲಿ ಕೆಲಸ, ಒಂದು ದಿನ ಮೂಟೆ ಎತ್ತುವಾಗ ಸೊಂಟ ಹಿಡ್ಕೊಂಡ್ತು. ಮೂರನೇ ದಿನಕ್ಕೇ ಎಂಆರ್‌ಐ ಆಯ್ತು. ರಿಪೋರ್ಟ್‌ನ ಫೋಟೋ ವಾಟ್ಸಾಪ್‌ನಲ್ಲಿ ನನಗೆ ಕಳಿಸಿದ್ರು. ಮೊದಲ ಸಾಲಲ್ಲಿ ಲಂಬಾರ್ ಸ್ಪೈನ್‌ನ ಡೀಜನರೇಟಿವ್ ಬದಲಾವಣೆಗಳು (ಸೊಂಟದ ಬೆನ್ನುಮೂಳೆಯ ಸವೆತ) ಅಂತ ಇತ್ತು, ಆಮೇಲೆ ಎಲ್4-ಎಲ್5 ಮತ್ತೆ ಎಲ್5-ಎಸ್1 ಮೂಳೆಗಳ ಹತ್ರ ಡಿಸ್ಕ್ ಬಲ್ಜ್ (ಮೂಳೆಗಳ ಮಧ್ಯದ ಮೆತ್ತೆ ಉಬ್ಬಿರೋದು), ಥೀಕಲ್ ಸ್ಯಾಕ್‌ನ (ನರಗಳನ್ನ ಸುತ್ತಿರೋ ಚೀಲ) ಸ್ವಲ್ಪ ಒತ್ತಿದೆ, ನರಕ್ಕೆ ಒತ್ತಡ ಕಾಣಿಸ್ತಿಲ್ಲ ಅಂತ. ಕೊನೆಯ ಆ ಮಾತೇ ಮುಖ್ಯ, ಅದನ್ನ ಯಾರೂ ಓದಲಿಲ್ಲ. ಮನೆಯವರಿಗೆಲ್ಲ ಹಿಡಿದಿದ್ದು ಡಿಸ್ಕ್ ಜಾರಿದೆಯಂತೆ ಅನ್ನೋದು. ಬಗ್ಗೋದು ನಿಲ್ತು, ನಡೆಯೋದು ನಿಲ್ತು, ಸೊಂಟಕ್ಕೆ ಬೆಲ್ಟ್ ಬಂತು, ಆಪರೇಷನ್ ಮಾಡಿಸಿದ್ರೆ ಕಾಲು ಹೋಗುತ್ತಂತೆ, ಮಾಡಿಸದಿದ್ರೂ ಹೋಗುತ್ತಂತೆ ಅನ್ನೋ ಮಾತೆಲ್ಲ ನಡೀತು. ನೋವು ಐದಾರು ವಾರಕ್ಕೆ ತಾನಾಗೇ ಹೋಯ್ತು. ಭಯ ಹೋಗಿಲ್ಲ, ಇವತ್ತಿಗೂ ಅವರು ಒಂದು ಬಿಂದಿಗೆ ನೀರು ಎತ್ತಲ್ಲ, ಕೆಲಸನೂ ಬಿಟ್ರು.

ಈಗ ಇನ್ನೊಂದು ವಿಷಯ ಕೇಳಿ. ಸೊಂಟ ನೋವೇ ಇಲ್ಲದ ಮೂರು ಸಾವಿರಕ್ಕೂ ಹೆಚ್ಚು ಜನರ ಸ್ಕ್ಯಾನ್‌ಗಳನ್ನ ಬೇರೆ ಬೇರೆ ಅಧ್ಯಯನಗಳಿಂದ ಒಟ್ಟು ಮಾಡಿ ನೋಡಿದ ಒಂದು ವಿಶ್ಲೇಷಣೆ 2015ರಲ್ಲಿ ಬಂತು. ಏನೂ ನೋವಿಲ್ಲದ 20 ವರ್ಷದವರಲ್ಲೇ ನೂರಕ್ಕೆ 37 ಜನರಿಗೆ ಡಿಸ್ಕ್ ಸವೆದಿರೋದು ಕಾಣ್ತು, 80 ವರ್ಷದವರಲ್ಲಿ 96 ಜನಕ್ಕೆ. ಡಿಸ್ಕ್ ಬಲ್ಜ್ ಅನ್ನೋದು 20ರಲ್ಲಿ ನೂರಕ್ಕೆ 30, 80ರಲ್ಲಿ 84. ಅಂದ್ರೆ ತಲೆ ಕೂದಲು ನರೆಯೋ ಹಾಗೆ ಡಿಸ್ಕೂ ವಯಸ್ಸಿನ ಜೊತೆ ಸವೆಯುತ್ತೆ, ರಿಪೋರ್ಟ್‌ನಲ್ಲಿ ಕಂಡಿದ್ದೆಲ್ಲ ನೋವಿನ ಕಾರಣ ಆಗಿರಬೇಕು ಅಂತೇನಿಲ್ಲ. ಅದಕ್ಕೇ ಅಂತಾರಾಷ್ಟ್ರೀಯ ಸಲಹೆಗಳು ಮೊದಲ ಆರು ವಾರ ಸ್ಕ್ಯಾನ್ ಬೇಡ ಅನ್ನೋದು. ಆದರೆ ಕೆಲವು ಲಕ್ಷಣ ಇದ್ರೆ ಆರು ವಾರ ಇರಲಿ, ಆರು ಗಂಟೆನೂ ಕಾಯಬಾರದು, ಇದನ್ನ ದಯವಿಟ್ಟು ನೆನಪಲ್ಲಿ ಇಟ್ಕೊಳ್ಳಿ: ಕಾಲಲ್ಲಿ ಶಕ್ತಿ ಹೋಗ್ತಾ ಇರೋದು, ಒಂದಾ ಎರಡಕ್ಕೆ ಹಿಡಿತ ತಪ್ಪೋದು, ಕೂರೋ ಜಾಗ ಮರಗಟ್ಟೋದು. ಜ್ವರದ ಜೊತೆ ಬೆನ್ನು ನೋವು, ಹಿಂದೆ ಕ್ಯಾನ್ಸರ್ ಆಗಿದ್ದೋರಿಗೆ ಹೊಸದಾಗಿ ಬೆನ್ನು ನೋವು, ಕಾರಣ ಇಲ್ಲದೇ ತೂಕ ಇಳಿಯೋದು, ಬಿದ್ದು ಪೆಟ್ಟಾಗಿರೋದು, ಇವೂ ಬೇಗ ಸ್ಕ್ಯಾನ್ ಆಗಬೇಕಾದ ಕೇಸುಗಳೇ. ಅಲ್ಲಿ ಎಂಆರ್‌ಐ ಜೀವ ಉಳಿಸುತ್ತೆ, ಕಾಲು ಉಳಿಸುತ್ತೆ.

ಹುಷಾರಾಗಿದ್ದೋರನ್ನ ಸ್ಕ್ಯಾನ್ ಮಾಡ್ತಾ ಹೋದ್ರೆ ಏನಾಗುತ್ತೆ ಅನ್ನೋದಕ್ಕೆ ದಕ್ಷಿಣ ಕೊರಿಯಾದ ಉದಾಹರಣೆನೇ ಸಾಕು. ಅಲ್ಲಿ 1999ರಲ್ಲಿ ಸರ್ಕಾರ ಬೇರೆ ಕ್ಯಾನ್ಸರ್‌ಗಳ ತಪಾಸಣೆ ಶುರು ಮಾಡ್ತು, ಬಂದೋರಿಗೆ ಇನ್ನೊಂದಿಷ್ಟು ದುಡ್ಡು ಕೊಟ್ರೆ ಥೈರಾಯ್ಡ್ ಅಲ್ಟ್ರಾಸೌಂಡೂ ಮಾಡ್ತೀವಿ ಅಂತ ಆಸ್ಪತ್ರೆಗಳು ಸೇರಿಸಿದ್ವು. 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ ಪತ್ತೆ ಆಗೋ ಪ್ರಮಾಣ 1993ಕ್ಕಿಂತ 15 ಪಟ್ಟು, ಆ ಒಂದೇ ವರ್ಷ 40 ಸಾವಿರಕ್ಕೂ ಹೆಚ್ಚು ಜನಕ್ಕೆ ಪತ್ತೆ ಆಯ್ತು. ಆ ಕ್ಯಾನ್ಸರ್‌ನಿಂದ ಸಾಯೋರ ಸಂಖ್ಯೆ ಮಾತ್ರ ಮೊದಲು ಎಷ್ಟಿತ್ತೋ ಅಷ್ಟೇ. ಪತ್ತೆಯಾದೋರಲ್ಲಿ ಹೆಚ್ಚುಕಮ್ಮಿ ಎಲ್ಲರಿಗೂ ಆಪರೇಷನ್ ಆಯ್ತು, ಹೆಚ್ಚಿನವರಿಗೆ ಜೀವನ ಪೂರ್ತಿ ಮಾತ್ರೆ, ಕೆಲವರಿಗೆ ದನಿ ಕೆಟ್ಟುಹೋಯ್ತು. 2014ರಲ್ಲಿ ಅಲ್ಲಿನ ಕೆಲವು ಡಾಕ್ಟರುಗಳೇ ಧೈರ್ಯ ಮಾಡಿ ಇದನ್ನ ನಿಲ್ಲಿಸಿ ಅಂತ ಬಹಿರಂಗವಾಗಿ ಹೇಳಿದ್ರು, ಒಂದೇ ವರ್ಷದಲ್ಲಿ ಆಪರೇಷನ್‌ಗಳು ನೂರಕ್ಕೆ 35ರಷ್ಟು ಇಳಿದ್ವು. ಈಗ ನಮ್ಮ ಊರುಗಳ ಹೆಲ್ತ್ ಚೆಕಪ್ ಪ್ಯಾಕೇಜ್‌ಗಳನ್ನ ನೋಡಿ, ಸಿಲ್ವರ್, ಗೋಲ್ಡ್, ಪ್ಲಾಟಿನಂ ಅಂತ ಹೆಸರು, ಮೇಲೆ ಹೋದ ಹಾಗೆ ಒಂದೊಂದು ಸ್ಕ್ಯಾನ್ ಜಾಸ್ತಿ, ಅಪ್ಪ ಅಮ್ಮನ ಹುಟ್ಟುಹಬ್ಬಕ್ಕೆ ಗಿಫ್ಟ್ ಕೊಡೋರೂ ಇದ್ದಾರೆ, ಹಳೇ ಟ್ಯಾಕ್ಸ್ ಪದ್ಧತಿಯಲ್ಲಿ ಇರೋರಿಗೆ ಐದು ಸಾವಿರದವರೆಗೆ ವಿನಾಯಿತಿ ಬೇರೆ. ಬಿಪಿ, ಶುಗರ್ ನೋಡಿಸೋದು ಖಂಡಿತ ಒಳ್ಳೇದು. ಏನೂ ತೊಂದರೆ ಇಲ್ಲದೋರಿಗೆ ಥೈರಾಯ್ಡ್ ಸ್ಕ್ಯಾನು, ಇಡೀ ಮೈಯ ಎಂಆರ್‌ಐ ಮಾಡಿಸೋದು ಒಳ್ಳೇದು ಅಂತ ಹೇಳೋಕೆ ಆಧಾರ ಇಲ್ಲ.

ಇಷ್ಟು ಓದಿ ಸ್ಕ್ಯಾನ್ ಅಂದ್ರೇ ಕೆಟ್ಟದ್ದು ಅನ್ನಿಸಿಬಿಟ್ರೆ ನಾನು ಬರೆದಿದ್ದು ದಂಡ. ಯಾಕಂದ್ರೆ ಇದೇ ರಾಜ್ಯದಲ್ಲಿ ಸ್ಕ್ಯಾನ್ ಸಿಗದೇ ಜನ ಸಾಯ್ತಾ ಇದ್ದಾರೆ. ಟಿಬಿ ಒಂದನ್ನೇ ತಗೊಳ್ಳಿ, 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಟಿಬಿ ಸಮೀಕ್ಷೆಯಲ್ಲಿ ಎದೆ ಎಕ್ಸ್‌ರೇ ಒಂದು ಇಲ್ಲದೇ ಬರೀ ಕೆಮ್ಮು, ಜ್ವರ ಇದೆಯಾ ಅಂತ ಕೇಳಿದ್ದಿದ್ರೆ ನೂರರಲ್ಲಿ 42ಕ್ಕೂ ಹೆಚ್ಚು ಕೇಸು ಕೈತಪ್ಪಿ ಹೋಗ್ತಿದ್ವು ಅಂತ ಗೊತ್ತಾಯ್ತು. ಅಗ್ಗದ, ನೂರು ವರ್ಷ ಹಳೇ ಎಕ್ಸ್‌ರೇ! 2024ರ ಡಿಸೆಂಬರ್‌ನಲ್ಲಿ ಶುರುವಾದ ನೂರು ದಿನದ ಟಿಬಿ ಅಭಿಯಾನದಲ್ಲಿ ಕೈಯಲ್ಲಿ ಹಿಡ್ಕೊಂಡು ಹೋಗೋ ಎಕ್ಸ್‌ರೇ ಮಷಿನ್‌ಗಳನ್ನ ಊರೂರಿಗೆ ಒಯ್ದಿದ್ದು ಇದೇ ಕಾರಣಕ್ಕೆ, ನನ್ನ ಮಟ್ಟಿಗೆ ಇತ್ತೀಚೆಗೆ ಇಮೇಜಿಂಗ್‌ನಲ್ಲಿ ಆದ ಅತಿ ಒಳ್ಳೇ ಬದಲಾವಣೆ ಅದು. ಇನ್ನು ಪಾರ್ಶ್ವವಾಯು, ಲಕ್ವ ಹೊಡೆದಾಗ ರಕ್ತ ಹೆಪ್ಪು ಕರಗಿಸೋ ಇಂಜೆಕ್ಷನ್ ಕೊಡೋಕೆ ನಾಲ್ಕೂವರೆ ಗಂಟೆ ಅಷ್ಟೇ ಸಮಯ, ಅದಕ್ಕೂ ಮುಂಚೆ ತಲೆ ಒಳಗೆ ರಕ್ತಸ್ರಾವ ಆಗಿಲ್ಲ ಅಂತ ಸಿಟಿ ಮಾಡಿ ಖಾತ್ರಿ ಮಾಡ್ಕೊಳ್ಳಬೇಕು, ಇಲ್ಲದಿದ್ರೆ ಅದೇ ಇಂಜೆಕ್ಷನ್ ಜೀವ ತೆಗೆಯುತ್ತೆ. ಮಲೆನಾಡಿನ ಒಂದು ಮೂಲೆ ಹಳ್ಳಿಯಿಂದ ಸಿಟಿ ಇರೋ ಆಸ್ಪತ್ರೆಗೆ ಮಳೆಗಾಲದ ರಾತ್ರೀಲಿ ಹೋಗಿ ಮುಟ್ಟೋಕೆ ಎಷ್ಟು ಹೊತ್ತು ಬೇಕು ಅಂತ ಅಲ್ಲಿಯವರನ್ನ ಕೇಳಿ. ಒಂದು ಕಡೆ ಮೂರು ದಿನದ ಸೊಂಟ ನೋವಿಗೆ ಎಂಆರ್‌ಐ, ಇನ್ನೊಂದು ಕಡೆ ಲಕ್ವ ಹೊಡೆದೋರಿಗೆ ಸಿಟಿ ಇಲ್ಲ. ಸ್ಕ್ಯಾನ್‌ಗಳ ಸಂಖ್ಯೆ ಏರಿದೆಯಾ ಇಳಿದಿದೆಯಾ ಅನ್ನೋ ಒಂದೇ ಗ್ರಾಫ್‌ನಲ್ಲಿ ಈ ಎರಡೂ ಸೇರಿ ಹೋಗಿ ಏನೂ ಗೊತ್ತಾಗಲ್ಲ.

ತೆಗೆದ ಸ್ಕ್ಯಾನನ್ನ ಓದೋರೂ ಬೇಕಲ್ಲ. ರೇಡಿಯೋ ಡಯಾಗ್ನೋಸಿಸ್ ಪಿಜಿ ಸೀಟು ಈಗ ಟಾಪ್ ರ‍್ಯಾಂಕ್‌ನವರು ಮೊದಲು ಎತ್ಕೊಳ್ಳೋ ಸೀಟು, ಆದ್ರೂ ಓದಿ ಬಂದೋರು ಊರು ಬಿಟ್ಟು ದೊಡ್ಡ ನಗರಗಳಲ್ಲೇ ಉಳೀತಾರೆ. ಬೆಂಗಳೂರಿಗೆ ಈ ವಿಷಯದಲ್ಲಿ ಒಂದು ವಿಚಿತ್ರ ಹೆಗ್ಗಳಿಕೆ ಇದೆ, ಅಮೆರಿಕದ ಆಸ್ಪತ್ರೆಗಳ ರಾತ್ರಿ ಎಮರ್ಜೆನ್ಸಿ ಸ್ಕ್ಯಾನ್‌ಗಳನ್ನ ಇಲ್ಲಿ ಹಗಲು ಹೊತ್ತು ಕೂತು ಓದಿ ರಿಪೋರ್ಟ್ ಕೊಡೋ ಕೆಲಸ 2002ರಲ್ಲಿ ಟೆಲಿರೇಡಿಯಾಲಜಿ ಸೊಲ್ಯೂಷನ್ಸ್ ಶುರುವಾದಾಗಿಂದ ನಡೀತಿದೆ. ಈಗ ಅದೇ ವಿಧಾನದಲ್ಲಿ ನಮ್ಮ ಸಣ್ಣ ಊರುಗಳ ಸ್ಕ್ಯಾನೂ ದೂರದಲ್ಲಿ ಓದಿಸ್ಕೊಂಡು ಬರುತ್ತೆ, ಒಳ್ಳೇದೇ. ಎಐ ಕೂಡ ಬಂದಿದೆ. ಎಐ ವಿಜ್ಞಾನಿ ಜೆಫ್ರಿ ಹಿಂಟನ್ 2016ರಲ್ಲಿ ಇನ್ನು ರೇಡಿಯಾಲಜಿಸ್ಟ್‌ಗಳನ್ನ ತಯಾರು ಮಾಡೋದು ನಿಲ್ಲಿಸಬೇಕು, ಐದು ವರ್ಷದಲ್ಲಿ ಕಂಪ್ಯೂಟರ್ ಅವರಿಗಿಂತ ಚೆನ್ನಾಗಿ ನೋಡುತ್ತೆ ಅಂದಿದ್ರು, ಐದು ವರ್ಷ ಯಾವಾಗ್ಲೋ ಕಳೀತು, ರೇಡಿಯಾಲಜಿಸ್ಟ್‌ಗಳಿಗೆ ಬೇಡಿಕೆ ಏರ್ತಾನೇ ಇದೆ. ಆದರೆ ದೂರದಲ್ಲಿ ಓದೋ ಮನುಷ್ಯ ಆಗಲಿ ಎಐ ಆಗಲಿ, ಅವರ ಕೈಗೆ ಏನು ಸಿಗುತ್ತೆ ಅಂದ್ರೆ ಒಂದು ಹೆಸರು, ವಯಸ್ಸು, ಮತ್ತೆ ಚೀಟೀಲಿ ಗೀಚಿದ ಎರಡು ಪದ, 'ಪೇನ್ ಅಬ್ಡೊಮನ್', ಅಂದ್ರೆ ಹೊಟ್ಟೆ ನೋವು. ನೋವು ಬಲಗಡೆ ಕೆಳಗಾ, ಎಡಗಡೆ ಮೇಲಾ, ಎರಡು ಗಂಟೆಯಿಂದಲಾ ಎರಡು ವರ್ಷದಿಂದಲಾ, ಹಿಂದೆ ಆಪರೇಷನ್ ಆಗಿತ್ತಾ, ಏನೂ ಇಲ್ಲ. ಡಾಕ್ಟರ್ ಮನಸ್ಸಲ್ಲಿ ಅಪೆಂಡಿಕ್ಸ್ ಇರಬಹುದಾ ಅನ್ನೋ ಪ್ರಶ್ನೆ ಇರುತ್ತೆ, ಚೀಟೀಲಿ ಇರಲ್ಲ. ಪ್ರಶ್ನೆ ಗೊತ್ತಿಲ್ಲದೇ ಓದಿದ ಸ್ಕ್ಯಾನ್‌ನಲ್ಲಿ ಕಂಡಿದ್ದೆಲ್ಲ ಬರೀತಾರೆ, ಲಿವರ್‌ನಲ್ಲಿ ಒಂದು ಸಣ್ಣ ಸಿಸ್ಟು, ಕಿಡ್ನೀಲಿ ಒಂದು ಚುಕ್ಕೆ, ಕೊನೇಲಿ ಇನ್ನೊಂದು ಸ್ಕ್ಯಾನ್ ಮಾಡಿಸಿ ಅಂತ ಸಲಹೆ. ಸ್ಕ್ಯಾನ್ ಸ್ಕ್ಯಾನನ್ನ ಹೆರೋದು ಹೀಗೆ.

ನಮ್ಮ ದೇಶದಲ್ಲಿ ಒಂದೇ ಒಂದು ಥರದ ಸ್ಕ್ಯಾನ್‌ಗೆ ಮಾತ್ರ 'ಯಾಕೆ' ಅಂತ ಕಟ್ಟುನಿಟ್ಟಾಗಿ ಬರೆಸ್ತಾರೆ, ಗರ್ಭಿಣಿಯರ ಅಲ್ಟ್ರಾಸೌಂಡ್‌ಗೆ. 1994ರ ಪಿಸಿಪಿಎನ್‌ಡಿಟಿ ಕಾಯ್ದೆ ಪ್ರಕಾರ ಫಾರಂ ಎಫ್ ತುಂಬಬೇಕು, ಯಾರು ಕಳಿಸಿದ್ರು, ಯಾವ ಕಾರಣಕ್ಕೆ ಅಂತ 23 ಕಾರಣಗಳ ಪಟ್ಟೀಲಿ ಗುರುತು ಮಾಡಬೇಕು, ಕಾಗದ ಎರಡು ವರ್ಷ ಇಟ್ಟಿರಬೇಕು, ತಪ್ಪಾದ್ರೆ ಮಷಿನ್ ಸೀಲ್. ಹೆಣ್ಣು ಭ್ರೂಣದ ಹತ್ಯೆ ತಡೆಯೋಕೆ ಬಂದ ಕಾನೂನು ಇದು. ಅದು ಪೂರ್ತಿ ತಡೀತು ಅಂತ ಹೇಳೋ ಧೈರ್ಯ ಇಲ್ಲ, 2023ರಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಕದ್ದುಮುಚ್ಚಿ ಸ್ಕ್ಯಾನಿಂಗ್ ಮಾಡ್ತಿದ್ದ ಜಾಲ ಬೆಂಗಳೂರು ಪೊಲೀಸರಿಗೆ ಸಿಕ್ಕಿದ್ದನ್ನ, ಆಮೇಲೆ ಕೇಸ್ ಸಿಐಡಿಗೆ ಹೋಗಿದ್ದನ್ನ ನಾವೆಲ್ಲ ಓದಿದ್ದೀವಿ, ಓದಿ ಹೊಟ್ಟೆ ಉರೀತು. ಆದ್ರೂ ಒಂದು ವಿಷಯ ಅದು ಸಾಬೀತು ಮಾಡಿದೆ. ದೇಶದ ಸಾವಿರಾರು ಸ್ಕ್ಯಾನ್ ರೂಮ್‌ಗಳಲ್ಲಿ ದಿನವೂ ಪ್ರತಿ ಗರ್ಭಿಣಿಯ ಸ್ಕ್ಯಾನ್‌ಗೂ ಕಾರಣ ಬರೆಯೋದು ಸಾಧ್ಯ, ಬರೀತಿದ್ದಾರೆ. ಅದೇ ಸೆಂಟರ್‌ನ ಪಕ್ಕದ ರೂಮಲ್ಲಿ ವಿಕಿರಣ ಇರೋ, ಅದಕ್ಕಿಂತ ಮೂರ್ನಾಲ್ಕು ಪಟ್ಟು ದುಡ್ಡಿನ ಸಿಟಿಗೆ ಎರಡು ಪದದ ಚೀಟಿ ಸಾಕು, ಎಷ್ಟೋ ಕಡೆ ಚೀಟಿನೂ ಬೇಡ.

ಅಮೆರಿಕ ಇದನ್ನ ಕಂಪ್ಯೂಟರ್‌ನಲ್ಲಿ ಮಾಡೋಕೆ ಹೋಗಿ ಸೋತಿದೆ. 2014ರಲ್ಲಿ ಕಾನೂನು ಮಾಡಿದ್ರು, ಹಿರಿಯರ ಸರ್ಕಾರಿ ವಿಮೆಯಲ್ಲಿ ಸಿಟಿ, ಎಂಆರ್‌ಐ ಬರೆಯೋ ಡಾಕ್ಟರ್ ಮೊದಲು ಸಾಫ್ಟ್‌ವೇರ್‌ನಲ್ಲಿ ಕಾರಣ ಹಾಕಿ ಇದು ಸೂಕ್ತವಾ ಅಂತ ನೋಡಬೇಕು, ಇಲ್ಲದಿದ್ರೆ ಬಿಲ್ ಪಾಸ್ ಆಗಲ್ಲ ಅಂತ. ಬಿಲ್ಲಿಂಗ್ ಜೊತೆ ಅದನ್ನ ಜೋಡಿಸೋಕೆ ಆಗದೇ ವರ್ಷ ವರ್ಷ ಮುಂದೂಡಿ, 2024ರಿಂದ ಕೈಬಿಟ್ರು. ಬ್ರಿಟನ್‌ನ ದಾರಿ ಬೇರೆ. ಅಲ್ಲಿ 2017ರ ನಿಯಮದ ಪ್ರಕಾರ ಕಳಿಸೋ ಡಾಕ್ಟರ್ ಸಾಕಷ್ಟು ವೈದ್ಯಕೀಯ ಮಾಹಿತಿ ಬರೀಬೇಕು, ಪ್ರತಿ ವಿಕಿರಣದ ಪರೀಕ್ಷೆಯನ್ನೂ ಸ್ಕ್ಯಾನ್ ವಿಭಾಗದ ಕಡೆಯ ಅರ್ಹರೊಬ್ಬರು ಇದು ಬೇಕು ಅಂತ ಒಪ್ಪಬೇಕು, ಕಾರಣ ಸಾಲದಿದ್ರೆ ಚೀಟಿ ವಾಪಸ್. ದೊಡ್ಡ ಸಾಫ್ಟ್‌ವೇರ್ ಏನೂ ಬೇಡ, ಬೇಡ ಅನ್ನೋ ಅಧಿಕಾರ ಇರೋ ಒಬ್ಬ ಮನುಷ್ಯ ಬೇಕು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ, ಮೆಡಿಕಲ್ ಕಾಲೇಜುಗಳಲ್ಲಿ ಇದನ್ನ ನಾಳೆಯಿಂದಲೇ ಶುರು ಮಾಡಬಹುದು, ಕಮಿಷನ್ ಕಾಟ ಇಲ್ಲದ ಜಾಗ ಅದೇ ತಾನೆ. ಖಾಸಗಿ ಸೆಂಟರ್‌ನಲ್ಲಿ ರೇಡಿಯಾಲಜಿಸ್ಟ್ ಬೇಡ ಅಂದ್ರೆ ಕಳಿಸಿದ ಡಾಕ್ಟರ್ ನಾಳೆಯಿಂದ ಪಕ್ಕದ ಸೆಂಟರ್‌ಗೆ ಕಳಿಸ್ತಾರೆ, ಅಲ್ಲಿ ಕಾನೂನಿನ ಬಲ ಇಲ್ಲದೇ ಆಗಲ್ಲ, ಕಾರಣ ಬರೀದ ಚೀಟಿಗೆ ಸಿಟಿ ತೆಗೆಯೋ ಹಾಗಿಲ್ಲ ಅಂತ ಫಾರಂ ಎಫ್ ಥರ ಒಂದು ನಿಯಮ ಬರಬೇಕು.

ಅಲ್ಲಿವರೆಗೆ ಪೇಷಂಟ್ ಕೈಯಲ್ಲಿ ಆಗೋ ಕೆಲಸ ಕೆಲವು ಇವೆ. ಡಾಕ್ಟರ್ ಸ್ಕ್ಯಾನ್ ಬರೆದಾಗ, ಇದರಲ್ಲಿ ಏನು ಹುಡುಕ್ತಿದ್ದೀರಿ ಸಾರ್, ಚೀಟೀಲಿ ಅದನ್ನ ಒಂದು ಸಾಲು ಬರೆದುಕೊಡ್ತೀರಾ ಅಂತ ಮರ್ಯಾದೆಯಿಂದ ಕೇಳಿ, ಒಳ್ಳೇ ಡಾಕ್ಟರ್ ಖಂಡಿತ ಬೇಜಾರು ಮಾಡ್ಕೊಳ್ಳಲ್ಲ. ಮಗುಗಾದ್ರೆ ಅಲ್ಟ್ರಾಸೌಂಡ್‌ನಲ್ಲೇ ಗೊತ್ತಾಗುತ್ತಾ ಅಂತ ಕೇಳಿ, ಹೊಟ್ಟೆ ನೋವಿಗೆ, ಅಪೆಂಡಿಕ್ಸ್‌ಗೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತೆ. ಗರ್ಭಿಣಿ ಆಗಿರಬಹುದು ಅನ್ನೋ ಅನುಮಾನ ಇದ್ರೆ ಎಕ್ಸ್‌ರೇ, ಸಿಟಿ ರೂಮಿಗೆ ಹೋಗೋ ಮುಂಚೆನೇ ಹೇಳಿ. ಚಿತ್ರ ಸ್ಪಷ್ಟವಾಗಿ ಕಾಣೋಕೆ ಅಂತ ಕಾಂಟ್ರಾಸ್ಟ್ ಇಂಜೆಕ್ಷನ್ ಕೊಡ್ತೀವಿ ಅಂದ್ರೆ ಕಿಡ್ನಿ ತೊಂದರೆ, ಶುಗರ್, ಹಿಂದೆ ಅಲರ್ಜಿ ಆಗಿದ್ದು ಎಲ್ಲ ಹೇಳಿ, ಕ್ರಿಯಾಟಿನಿನ್ (ಕಿಡ್ನಿ ಹೇಗಿದೆ ಅಂತ ಹೇಳೋ ರಕ್ತ ಪರೀಕ್ಷೆ) ರಿಪೋರ್ಟ್ ಜೊತೇಲಿ ಇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಳೇ ಸ್ಕ್ಯಾನ್ ಬಿಸಾಕಬೇಡಿ, ಬರೀ ರಿಪೋರ್ಟ್ ಕಾಗದ ಸಾಲದು, ಸಿಡಿ ಅಥವಾ ಲಿಂಕ್ ಕೇಳಿ ತಗೊಳ್ಳಿ, ದುಡ್ಡು ಕೊಟ್ಟಿದ್ದೀರಿ, ಆ ಚಿತ್ರಗಳು ನಿಮ್ಮವು. ಶ್ವಾಸಕೋಶದಲ್ಲಿ ಸಣ್ಣದೊಂದು ಗಟ್ಟಿ ಗಂಟು ಕಂಡ್ರೆ ರೇಡಿಯಾಲಜಿಸ್ಟ್ ಮೊದಲು ಕೇಳೋದು ಹಳೇದು ಇದೆಯಾ ಅಂತ. ಎರಡು ವರ್ಷದ ಹಿಂದಿನ ಸಿಡೀಲೂ ಅದು ಅಷ್ಟೇ ದೊಡ್ಡದಿತ್ತು ಅಂತ ಗೊತ್ತಾದ್ರೆ ಹೆಚ್ಚಿನ ಸಲ ಮುಂದಿನ ಸಿಟಿ, ಬಯಾಪ್ಸಿ ಎಲ್ಲ ಅಲ್ಲಿಗೇ ನಿಲ್ಲುತ್ತೆ.